ಮೂರು ಸಲ ಊದು

ಮೈನಸ್ ಮೂವತ್ತರಲ್ಲಿ ಪೆನ್ನಿನ ಶಾಯಿ ಹೆಪ್ಪುಗಟ್ಟುತ್ತದೆ.
ಅದಕ್ಕೇ ನನ್ನ ಕೊರಳಲ್ಲಿ ದಾರ ಕಟ್ಟಿದ ಪೆನ್ಸಿಲ್ಲು,
ಚೀಲದಲ್ಲಿ ಉಸಿರಳೆಯುವ ಕೊಳವೆ, ಬಾಯಿಗಿಡುವ ರಟ್ಟಿನ ತುದಿಗಳು,
ಮನೆ ಸಂಖ್ಯೆ ನೂರ ಹದಿನೇಳರ ಕಡತ.
ಉಲಾನ್‌ಬಾಟರಿನ ಬಡಗಣ ಗುಡ್ಡ ಹತ್ತುತ್ತೇನೆ
ಕಲ್ಲಿದ್ದಲ ಹೊಗೆಯಲ್ಲಿ, ನನ್ನ ಬೂಟು ನನಗೇ ಕಾಣದಂತೆ.
ನಾಯಿಯ ಬೊಗಳು ಮೊದಲು ಬರುತ್ತದೆ,
ಬೇಲಿ ಆಮೇಲೆ.

ಹೊಸ್ತಿಲು ತುಳಿಯದೆ, ತಲೆ ಬಗ್ಗಿಸಿ ಒಳಗೆ.
ದುಂಡು ಗುಡಾರದ ನಟ್ಟನಡುವೆ ಒಲೆ,
ಅದರ ಕೊಳವೆ ನೆತ್ತಿ ತೂರಿ ಹೊರಗೆ.
ದೊಲ್ಗೊರ್ ಅಜ್ಜಿ ಉಪ್ಪುಹಾಲಿನ ಚಹ ಕೊಡುತ್ತಾಳೆ.
ಆರು ವರ್ಷದ ಖುಲಾನ್ ಮಂಚದ ಮೇಲೆ,
ಭುಜಗಳನ್ನು ಕಿವಿಯವರೆಗೆ ಏರಿಸಿ ಕೂತಿದ್ದಾಳೆ.
ಖುಲಾನ್ ಎಂದರೆ ಕಾಡುಕತ್ತೆ,
ಗೋಬಿಯಲ್ಲಿ ಜೀಪಿಗೂ ಸಿಗದ ಓಟ.
ಹೆಸರಿಟ್ಟದ್ದು ಅಪ್ಪ. ಇವಳು
ನೀರಿನ ಕಟ್ಟೆಯವರೆಗೆ ಹೋಗುವಷ್ಟರಲ್ಲಿ
ಎರಡು ಸಲ ಕೂರಬೇಕು.

ಊದು, ಎನ್ನುತ್ತೇನೆ.
ಒಲೆ ಊದುವ ಹಾಗೆ, ಎಂದು ಬಾಯಿಗೆ ಬಂದದ್ದನ್ನು ನುಂಗುತ್ತೇನೆ.
ನೂರ ಹತ್ತು.
ನೂರ ಇಪ್ಪತ್ತು.
ಮೂರನೆಯದರ ನಡುವೆ ಕೆಮ್ಮು. ನೂರ ಐದು.
ದೊಡ್ಡದನ್ನು ಬರೆದುಕೋ ಎನ್ನುತ್ತದೆ ನಿಯಮ. ಬರೆಯುತ್ತೇನೆ.

ನಾವು ಕೊಟ್ಟ ಯಂತ್ರ
ಕಿತ್ತಳೆ ಬಣ್ಣದ ಪೆಟಾರಿಯ ಪಕ್ಕ ಗುನುಗುತ್ತಿದೆ.
ಇನ್ನೂರು ಮನೆ, ಇನ್ನೂರು ಯಂತ್ರ.
ನೂರರ ಹೊಟ್ಟೆಯಲ್ಲಿ ಗಾಳಿ ಸೋಸುವ ಬಿಳಿ ಜರಡಿ,
ಇನ್ನು ನೂರರ ಹೊಟ್ಟೆ ಬರಿದು.
ಎರಡಕ್ಕೂ ಅದೇ ಸದ್ದು, ಅದೇ ಹಸಿರು ದೀಪ, ಅದೇ ಸೀಲು.
ಯಾವುದು ಯಾರಿಗೆಂಬುದು ಒಂದು ಲಕೋಟೆಯಲ್ಲಿ,
ಲಕೋಟೆ ಕಪಾಟಿನಲ್ಲಿ,
ಕೀಲಿ, ನಾನು ಮುಖ ಕಂಡಿರದ ಯಾರದೋ ಜೇಬಿನಲ್ಲಿ.
ಇದನ್ನೆಲ್ಲ ಸೆಪ್ಟೆಂಬರಿನಲ್ಲೇ ಅಜ್ಜಿಗೆ ಓದಿ ಹೇಳಿದ್ದೆ.
ಆಕೆ ಕೇಳಿದ್ದು ಒಂದೇ:
"ನಮ್ಮದಕ್ಕೆ ಪುಪ್ಪುಸ ಇದೆಯೋ ಇಲ್ಲವೋ?"
ಗೊತ್ತಿಲ್ಲ ಎಂದೆ. ಗೊತ್ತಿರಲಿಲ್ಲ.
ಗೊತ್ತಿಲ್ಲದಿರುವುದೇ ನನ್ನ ಕೆಲಸ,
ಅದಕ್ಕೇ ಸಂಬಳ.

ಇವತ್ತು ಆಕೆ ಹಾಸಿಗೆಯಡಿಯಿಂದ ತೆಗೆದಳು
ಮೊಸರು ಕಟ್ಟುವ ಬಿಳಿ ಅರಿವೆ.
ತಿಂಗಳಿಡೀ ಯಂತ್ರದ ಬಾಯಿಗೆ ಕಟ್ಟಿದ್ದಳಂತೆ.
ಮಡಿಕೆ ಬಿಚ್ಚಿದಳು.
ನಡುವೆ ಅಂಗೈಯಗಲ ಕಪ್ಪು,
ಮುಟ್ಟಿದರೆ ಬೆರಳಿಗಂಟುವ ಕಪ್ಪು.
"ಹೊಟ್ಟೆ ಸವರಿಯೇ ಕುರಿ ಗಬ್ಬವೋ ಅಲ್ಲವೋ
ಹೇಳುತ್ತಿದ್ದವಳು ನಾನು.
ಒಂದು ಪೆಟ್ಟಿಗೆ ಯಾವ ಲೆಕ್ಕ?"

ಹಾಗಿದ್ದರೆ ರಾತ್ರಿಯಿಡೀ ಯಾಕೆ ಓಡಿಸುತ್ತೀರಿ?

"ಎಲ್ಲೋ ಇನ್ನೊಂದು ಮನೆಯ ಮಗು ನೆಟ್ಟಗೆ ಉಸಿರಾಡಿತು ಅನ್ನು.
ಎಷ್ಟು ನೆಟ್ಟಗೆ ಅಂತ ಅಳೆಯುವುದಕ್ಕೆ
ಇಂಥದೊಂದು ಮಗು ಬೇಕಲ್ಲ.
ನೀನೇ ಓದಿ ಹೇಳಿದ್ದು."
ಒಲೆಗೆ ಒಂದುಂಡೆ ಕಲ್ಲಿದ್ದಲು ಹಾಕಿ, ಬಾಗಿಲು ಮುಚ್ಚಿ,
"ನಾನು ಒಪ್ಪಿ ಸಹಿ ಹಾಕಿದೆ.
ಇವಳನ್ನು ಕೇಳಲಿಲ್ಲ."

ಪ್ರಶ್ನೆ ಹದಿನಾಲ್ಕು:
ತಮಗೆ ಬಂದಿರುವುದು ಯಾವ ಯಂತ್ರವೆಂದು
ಮನೆಯವರು ಊಹಿಸಿದ್ದಾರೆಯೇ?
ಶಾಯಿಯಾಗಿದ್ದರೆ ಹೆಪ್ಪುಗಟ್ಟಿತು ಎನ್ನಬಹುದಿತ್ತು.
ಪೆನ್ಸಿಲ್ಲು. ಹೌದು.

ಮೇ ತಿಂಗಳಲ್ಲಿ ಎಲ್ಲರಿಗೂ ಬಿಳಿ ಜರಡಿ,
ಒಪ್ಪಂದದಲ್ಲಿ ಹಾಗಿದೆ.
ಮೇ ತಿಂಗಳಲ್ಲಿ ಒಲೆಗಳು ಆರುತ್ತವೆ,
ಯಾರೂ ಸೋಸದೆಯೇ ಆಕಾಶ ನೀಲಿಯಾಗುತ್ತದೆ.

ಏಳುವಾಗ ಖುಲಾನ್ ಕೊಳವೆ ಕಸಿದು
ಯಾರೂ ಹೇಳದೆ ಊದಿದಳು.
ಮುಳ್ಳು ನೂರ ನಲವತ್ತಕ್ಕೆ ಹೋಗಿ ನಿಂತಿತು.
ಅವಳು ಮುಳ್ಳು ನೋಡಲಿಲ್ಲ, ನನ್ನ ಮುಖ ನೋಡಿದಳು.
ನಾಲ್ಕನೆಯದಕ್ಕೆ ಫಾರಮಿನಲ್ಲಿ ಮನೆಯಿಲ್ಲ.
ಅಜ್ಜಿ ಉಸಿರೆತ್ತಲಿಲ್ಲ, ನಾನೂ.

ಅಂಚಿನಲ್ಲಿ ಸಣ್ಣಗೆ ಗೀಚಿಕೊಂಡು
ಹೊರಬಂದು, ಕೈಚಾಚಿ ಬೇಲಿ ಹುಡುಕುತ್ತ ನಡೆದೆ.
ಮುಂದಿನದು ನೂರ ಹದಿನೆಂಟು.